ಟವಲ್ಲಿನ ಕೆಳಗಿನ ಕುರಿಗಳು

ಎರಡು ವಾರದ ಹಿಂದೆ ಒಂದು ಮಂಗಳವಾರ, ಒಂದೇ ಒಂದು ಪ್ರಶ್ನೆ ಕೇಳಿ ಇಡೀ ಹಟ್ಟಿಯನ್ನು ಎದುರು ಹಾಕಿಕೊಂಡೆ. ಯಾರನ್ನೂ ಬೈದಿರಲಿಲ್ಲ, ಯಾರ ಬೇಲಿಯನ್ನೂ ಹಾರಿರಲಿಲ್ಲ. ಮರ್ಯಾದಸ್ಥನಂತೆ ಕಂಬಳಿಯ ಮೇಲೆ ಕೂತು, ಪೆನ್ಸಿಲ್ಲಿನ ಮೊನೆ ಚೂಪು ಮಾಡಿಕೊಂಡು, "ಅಜ್ಜಿ, ನಿಮ್ಮ ಕುರಿ ಒಟ್ಟು ಎಷ್ಟು?" ಅಂದೆ. ಅಷ್ಟೇ.

ಅಜ್ಜಿ ಪಕ್ಕಕ್ಕೆ ತಿರುಗಿ ಥೂ ಎಂದು ಉಗಿದಳು. (ನನ್ನ ಮೇಲಲ್ಲ. ಆದರೆ ಬಹಳ ದೂರವೂ ಅಲ್ಲ.) ಅವಳ ಸೊಸೆ ಕುರಿಗಳಿದ್ದ ರೊಪ್ಪದ ಕಡೆ ನೋಡಿ ಎರಡೂ ಕೈಯಿಂದ ನೆಟಿಗೆ ಮುರಿದಳು. ಮಜ್ಜಿಗೆ ತರುತ್ತೇನೆಂದು ಒಳಗೆ ಹೋಗಿದ್ದ ಪಕ್ಕದ ಮನೆಯಾಕೆ ಮಜ್ಜಿಗೆಯನ್ನೂ ತರಲಿಲ್ಲ, ತಾನೂ ಹೊರಗೆ ಬರಲಿಲ್ಲ. ಬಿಸಿಲಿನಲ್ಲಿ ಆರು ಮೈಲಿ ನಡೆದು ಬಂದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

(ಬಸ್ಸಿಲ್ಲವೇ ಎಂದು ಕೇಳಬೇಡಿ. ಯುದ್ಧ ಬಂದಾಗಿನಿಂದ ನಮ್ಮ ಬಸ್ಸು ಪೆಟ್ರೋಲು ಬಿಟ್ಟು ಇದ್ದಿಲು ತಿನ್ನುತ್ತಿದೆ. ಏರು ಬಂದರೆ ಅದನ್ನು ನಾವು ತಳ್ಳಬೇಕು, ಇಳಿಜಾರು ಬಂದರೆ ಅದು ನಮಗಾಗಿ ನಿಲ್ಲುವುದಿಲ್ಲ. ಆ ವಿಷಯ ಹಿಂದೊಮ್ಮೆ ಬರೆದು ಕಂಡಕ್ಟರರ ಬೈಗುಳ ತಿಂದಿದ್ದೇನೆ.)

ಮೇಷ್ಟ್ರಿಗೂ ಕುರಿಗೂ ಏನು ಸಂಬಂಧ ಎನ್ನುತ್ತೀರಾ? ನಮ್ಮ ಮನೆಯಾಕೆಯೂ ಹಾಗೇ ಕೇಳಿ, ತಾನೇ ಉತ್ತರ ಹೇಳಿದಳು: "ಹದಿನೆಂಟು ವರ್ಷ ಸ್ಕೂಲಲ್ಲಿ ಅದನ್ನೇ ಕಾಯ್ದಿದೀರಲ್ಲ, ಅದಕ್ಕೇ ಕರೆದಾರೆ." ನಿಜವಾದ ಕಾರಣ ನನ್ನ ದುಂಡನೆಯ ಅಕ್ಷರ. ಸರ್ಕಾರಕ್ಕೆ ಯಾವ ಪಟ್ಟಿ ಬೇಕಾದರೂ ಮೊದಲು ನೆನಪಾಗುವವರು ಮೇಷ್ಟ್ರು. ಜನಗಣತಿಗೆ ಮೇಷ್ಟ್ರು, ಸೀಮೆಎಣ್ಣೆ ಪಟ್ಟಿಗೆ ಮೇಷ್ಟ್ರು, ಪ್ಲೇಗಿನ ಸೂಜಿ ಹಾಕಿಸಿಕೊಂಡವರ ಪಟ್ಟಿಗೂ ಮೇಷ್ಟ್ರು. ಪಾಠ ಮಾಡಿ ಎಂದು ಮಾತ್ರ ಈವರೆಗೆ ಯಾರೂ ಹೇಳಿಕಳಿಸಿಲ್ಲ.

ಈ ಸಲದ ಪಟ್ಟಿ ಸತ್ತ ಕುರಿಗಳದ್ದು.

ನಮ್ಮ ಜಗಳೂರು ಸೀಮೆಯಲ್ಲಿ ಬಿದ್ದ ಆಲಿಕಲ್ಲಿನ ಸುದ್ದಿ ಈ ಪತ್ರಿಕೆಯಲ್ಲೇ ನಾಲ್ಕು ಸಾಲು ಬಂದಿತ್ತು. ನಾಲ್ಕು ಸಾಲಿನಲ್ಲಿ ಏನು ಗೊತ್ತಾಗುತ್ತದೆ? ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಕಟ್ಟಿ, ನಿಂಬೆಹಣ್ಣಿನ ಗಾತ್ರದ ಕಲ್ಲು ಬಿದ್ದವು. ನಮ್ಮ ಶಾಲೆಯ ಹೆಂಚು ಹೋಯಿತು. ಅದಕ್ಕೆ ನಾನು ಕೊಟ್ಟ ಅರ್ಜಿ ಇನ್ನೂ ಪ್ರಯಾಣದಲ್ಲಿದೆ. ಆದರೆ ಬಯಲಿನಲ್ಲಿ ಮೇಯುತ್ತಿದ್ದ ಕುರಿಗೆ ಹೆಂಚಾದರೂ ಎಲ್ಲಿಯದು? ಹಟ್ಟಿಯ ಉಳಿದವರು ಹಿಂಡನ್ನು ಹಳ್ಳದ ಮರೆಗೆ ಹೊಡೆದುಕೊಂಡು ಓಡಿದ್ದರು. ಅವರಿಗೆ ಒಂದೆರಡು, ಮೂರು ಹೋದವು. ನನ್ನ ಪ್ರಶ್ನೆಗೆ ಉಗಿದಳೆಂದೆನಲ್ಲ, ಆ ಕೆಂಚಜ್ಜಿಯ ಹಿಂಡು ದಿಬ್ಬದ ಮೇಲಿತ್ತು. ಕೆಳಗಿಳಿಯುವಷ್ಟರಲ್ಲಿ ಮುಗಿದುಹೋಗಿತ್ತು. ಅಜ್ಜಿಯ ಬೆನ್ನು, ಹೆಗಲು ಇನ್ನೂ ಹಸಿರುಗಟ್ಟಿವೆ. ಎರಡು ಮರಿಗಳನ್ನು ಕಂಬಳಿಯೊಳಗೆ ಹೊಟ್ಟೆಗೆ ಅವುಚಿಕೊಂಡು ಕವುಚಿ ಬಿದ್ದಿದ್ದಳಂತೆ. ಆ ಎರಡೂ ಬದುಕಿವೆ. ಇದನ್ನು ಕೇಳಿದಾಗ ನನಗೆ ಮರುಕ ಹುಟ್ಟಿತು ಎಂದು ಒಪ್ಪಿಕೊಳ್ಳುತ್ತೇನೆ.

ಸರ್ಕಾರಕ್ಕೂ ಮರುಕ ಹುಟ್ಟಿತು. ಪರಿಹಾರ ಕೊಡುತ್ತೇವೆ ಎಂದಿತು. ಸತ್ತ ಕುರಿ ಒಂದಕ್ಕೆ ಇಷ್ಟು ಎಂದು ಗೊತ್ತು ಮಾಡಿತು. ಆದರೆ ಸರ್ಕಾರ ಬರೀ ಕೈಯಲ್ಲಿ ಬರುತ್ತದೆಯೇ? ಫಾರಂ ತಂದಿತು, ಫಾರಮ್ಮಿನ ಹಿಂದೆ ರೂಲು ತಂದಿತು. ಹಿಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡವರಿಗೆ ಮಾತ್ರ ಹಣ. ಅದಕ್ಕಾಗಿ ಮೂರು ಕಾಲಂ: ಮೊದಲು ಎಷ್ಟಿದ್ದವು, ಎಷ್ಟು ಸತ್ತವು, ಈಗ ಎಷ್ಟು ಉಳಿದಿವೆ.

ಇದರಲ್ಲಿ ಕಷ್ಟ ಏನಿದೆ? ನಮ್ಮ ಶಾಲೆಯ ಎರಡನೇ ಕ್ಲಾಸಿನ ಲೆಕ್ಕ ಎಂದುಕೊಂಡೇ ನಾನು ಶೇಕದಾರರ ಜೊತೆ ಹೊರಟಿದ್ದು. (ಶೇಕದಾರರು ಎಂದರೆ ಹೋಬಳಿಯ ಕಂದಾಯ ನೋಡಿಕೊಳ್ಳುವವರು, ತಾಲ್ಲೂಕಿಗೆ ದೊಡ್ಡವರಾದ ಅಮಲ್ದಾರರ ಕೈಕೆಳಗಿನವರು. ಎಂಟು ವರ್ಷದಿಂದ ಇದೇ ಹೋಬಳಿಯಲ್ಲಿದ್ದಾರೆ. ಒಳ್ಳೆಯವರು. ನಶ್ಯ ಏರಿಸಿದಾಗ ಇನ್ನೂ ಒಳ್ಳೆಯವರು.)

ಅಜ್ಜಿಗೆ ಈ ಹಣ ಯಾಕೆ ಬೇಕಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಗಂಡ, ಮಗ ಇಬ್ಬರೂ ಇಲ್ಲ. ಅಜ್ಜಿ ಮೇಯಿಸಬೇಕು, ಸೊಸೆ ಉಣ್ಣೆ ನೂಲಬೇಕು, ನೂಲು ಕಂಬಳಿಯಾಗಬೇಕು. ಈಗ ಟಗರೇ ಸತ್ತಿದೆ. ಉಳಿದ ಬೆರಳೆಣಿಕೆಯ ಕುರಿಯನ್ನು ಹಿಂಡು ಎನ್ನಲಾಗುವುದಿಲ್ಲ. ದೊಡ್ಡ ಹಿಂಡಿನ ಸಾಹುಕಾರನೊಬ್ಬ ಆಗಲೇ ಬಂದು, ಇವನ್ನೂ ನನ್ನ ಹಿಂಡಿಗೆ ಸೇರಿಸಿಬಿಡು, ನೀನು ಕೂಲಿಗೆ ಕಾಯಿ ಎಂದು ಹೇಳಿ ಹೋಗಿದ್ದನಂತೆ. ಮುಂದಿನ ಕುರಿಸಂತೆಯೊಳಗೆ ಪರಿಹಾರ ಕೈಗೆ ಬಂದರೆ ಒಂದು ಟಗರು, ನಾಲ್ಕು ಕುರಿ ಕೊಂಡು ಮತ್ತೆ ತನ್ನದೇ ಹಿಂಡು. ಬರದಿದ್ದರೆ ಅರವತ್ತು ದಾಟಿದ ಮೇಲೆ ಇನ್ನೊಬ್ಬರ ಕುರಿಯ ಹಿಂದೆ ಕೂಲಿ.

ಅಂಥವಳನ್ನು ನಾನು ಎಷ್ಟು ಕುರಿ ಎಂದು ಕೇಳಿದೆ. ಅವಳು ಉಗಿದಳು.

"ಏನಮ್ಮಾ, ಮೇಷ್ಟ್ರು ಕೇಳೋದು ನಿನ್ನ ಒಳ್ಳೇದಕ್ಕೇ" ಎಂದು ಶೇಕದಾರರು ಗದರಿದರು.

"ಕುರಿ ಎಣಿಸಬಾರದ್ರಿ" ಅಂದಳು ಅಜ್ಜಿ. "ಎಣಿಸಿದ್ರೆ ಕಮ್ಮಿ ಆಗ್ತಾವೆ."

ಇಲ್ಲಿ ಹಟ್ಟಿಯ ಕಟ್ಟಳೆಯೇ ಅದು. ಕುರಿ ಕಾಯುವವರು ಕುರಿಯನ್ನು ಎಣಿಸುವುದಿಲ್ಲ, ಎಷ್ಟಿವೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಕೇಳಿದವರನ್ನೂ ಒಳ್ಳೆಯ ಕಣ್ಣಿನಿಂದ ನೋಡುವುದಿಲ್ಲ. ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡುತ್ತಾರೆ. ಯಾವ ಮುಖ ಬರಲಿಲ್ಲವೋ ಅದು ಕಾಣೆಯಾಗಿದೆ. ಅಷ್ಟಕ್ಕೆ ಅಂಕಿ ಯಾಕೆ?

ನಗಬೇಡಿ. ನೀವು ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುತ್ತೀರಾ, ಲಾಭ ಎನ್ನುತ್ತೀರಾ? ಮನೆಯಿಂದ ಹೊರಡುವಾಗ ಹೋಗುತ್ತೇನೆ ಎನ್ನುತ್ತೀರಾ, ಬರುತ್ತೇನೆ ಎನ್ನುತ್ತೀರಾ? ನಮ್ಮ ಮನೆಯಲ್ಲಿ ನಾನು ಊಟಕ್ಕೆ ಕೂತಾಗ ಎಷ್ಟನೇ ರೊಟ್ಟಿ ಎಂದು ಯಾರೂ ಎಣಿಸಬಾರದು. ಎಣಿಸಿದರೆ ಉಂಡದ್ದು ಮೈಗೆ ಹತ್ತುವುದಿಲ್ಲ ಎಂದು ನಮ್ಮ ತಾಯಿಯ ಕಾಲದ ಮಾತು. (ಮನೆಯಾಕೆ ಬಾಯಲ್ಲಿ ಎಣಿಸುವುದಿಲ್ಲ. ಆದರೆ ಅವಳ ಕಣ್ಣು ಎಣಿಸುತ್ತವೆ.)

ಅಜ್ಜಿ ಹೇಳುವುದಿಲ್ಲ, ಫಾರಂ ಬಿಡುವುದಿಲ್ಲ. ನಡುವೆ ನಾನು, ಮಜ್ಜಿಗೆಯಿಲ್ಲದೆ. ಕೊನೆಗೆ, ಸತ್ತವುಗಳ ಲೆಕ್ಕವನ್ನಾದರೂ ಕೊಡಿ ಅಜ್ಜಿ, ಅವಕ್ಕೆ ಇನ್ನು ಯಾವ ದೃಷ್ಟಿ ತಾಗುತ್ತದೆ ಎಂದು ಬೇಡಿಕೊಂಡೆ.

"ಒಂದೊಂದಾಗಿ ಹೇಳ್ತೀನಿ. ಎಣಿಸಾಕೆ ನನಗೆ ಹೇಳಬ್ಯಾಡ್ರಿ" ಅಂದಳು ಅಜ್ಜಿ.

ಹೇಳಿದಳು. ಮೊಂಡಗಿವಿ. ಅದರ ಮಗಳು. ಕರೇಮೂತಿ. ಹಳ್ಳದಾಗೆ ಹುಟ್ಟಿದ್ದು. ಕುಂಟಿ. ಕುಂಟಿಯ ಅವಳಿ ಮರಿಗಳು. ಉಣ್ಣೆ ಕತ್ತರಿಸುವಾಗ ಒದೆಯುತ್ತಿದ್ದುದು. ಸೊಸೆ ತವರಿನಿಂದ ಹೊಡೆದುಕೊಂಡು ಬಂದದ್ದು. ಆಮೇಲೆ ಟಗರು, ಅದಕ್ಕೆ ಹೆಸರೇ ಇರಲಿಲ್ಲ, ಅದನ್ನು "ನಮ್ಮಪ್ಪ" ಎಂದು ಕರೆಯುತ್ತಿದ್ದಳಂತೆ. ಅವಳು ಹೇಳುತ್ತಾ ಹೋದಳು, ನಾನು ಫಾರಮ್ಮಿನ ಹಿಂಬದಿಗೆ ಬರೆಯುತ್ತಾ ಹೋದೆ. ಶೇಕದಾರರು ನಶ್ಯದ ಡಬ್ಬಿ ತೆಗೆದವರು ಏರಿಸದೆ ಹಾಗೇ ಹಿಡಿದುಕೊಂಡಿದ್ದರು. ಕೊನೆಯದು ಹೇಳಿ ಮುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡು, "ಇಷ್ಟೇ" ಅಂದಳು.

ಪೆನ್ಸಿಲ್ಲಿನಿಂದ ಗೀಟು ಹಾಕಿ ಎಣಿಸಿದೆ, ಮನಸ್ಸಿನಲ್ಲೇ. ಮೂವತ್ತೊಂದು.

ಹಾಜರಿ ಪುಸ್ತಕದಲ್ಲಿ ಹದಿನೆಂಟು ವರ್ಷ ಹೆಸರು ಬರೆದವನು ನಾನು. ಹೆಸರಿಗೆ ಇಷ್ಟು ಭಾರವಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಸತ್ತವು ಸರಿ. ಉಳಿದವು ಎಷ್ಟು? ಅಜ್ಜಿ ಮತ್ತೆ ಬಾಯಿಗೆ ಬೀಗ ಹಾಕಿದಳು. ನಾವೇ ರೊಪ್ಪಕ್ಕೆ ಹೋಗಿ ನೋಡೋಣವೆಂದರೆ ಸೊಸೆ ಬಾಗಿಲಿಗೆ ಅಡ್ಡ ನಿಂತಳು. ಕೈಯಲ್ಲಿ ಮುಳ್ಳಿನ ಕೊಂಬೆ. ಶೇಕದಾರರು ಸರ್ಕಾರಿ ಅಧಿಕಾರಿ ನಿಜ, ಪಂಚೆ ಮಾತ್ರ ಸ್ವಂತದ್ದು. ವಾಪಸು ಬಂದು ಕೂತರು.

ಆಗ ಬಂದವರು ಹೈದರ್ ಸಾಬರು. ಜಗಳೂರಿನ ಚರ್ಮದ ವ್ಯಾಪಾರಿ. ಸತ್ತ ಕುರಿಗಳ ಚರ್ಮವನ್ನು ಅವರೇ ಕೊಂಡಿದ್ದರು. ಕೊಡಬೇಕಾಗಿದ್ದ ಬಾಕಿ ಹಣ ಕೊಡಲು ಬಂದಿದ್ದರು. ನಮ್ಮ ಪಾಡು ಕೇಳಿ ಗಡ್ಡ ನೀವಿಕೊಂಡು ನಕ್ಕರು.

"ಬಾಯಿಂದ ಯಾಕೆ ಕೇಳ್ತೀರಿ ಸಾಹೇಬ್ರೇ? ಸಂತೇಲಿ ನಾವು ಬಾಯಲ್ಲಿ ಹೇಳ್ತೀವೇನು?" ಎನ್ನುತ್ತಾ ಹೆಗಲ ಮೇಲಿನ ಟವಲ್ಲು ತೆಗೆದು ಒದರಿದರು.

ದನದ ಸಂತೆ, ಕುರಿಸಂತೆ ನೋಡಿದವರಿಗೆ ಇದು ಗೊತ್ತು. ಕೊಳ್ಳುವವನು, ಮಾರುವವನು ಟವಲ್ಲಿನ ಕೆಳಗೆ ಕೈಕೈ ಹಿಡಿಯುತ್ತಾರೆ. ಬೆರಳು ಒತ್ತಿದ್ದೇ ಮಾತು. ಸುತ್ತ ನೂರು ಜನ ನಿಂತಿದ್ದರೂ ಅಂಕಿ ಯಾರ ಕಿವಿಗೂ ಬೀಳುವುದಿಲ್ಲ, ಯಾರ ಕಣ್ಣಿಗೂ ಕಾಣುವುದಿಲ್ಲ. ಅಜ್ಜಿ ಯೋಚನೆ ಮಾಡಿದಳು. ಬಾಯಿ ಹೇಳಬಾರದು ಎಂದು ಹಿರಿಯರು ಹೇಳಿದ್ದರು, ಬೆರಳಿನ ಮಾತು ಎತ್ತಿರಲಿಲ್ಲ. ತಲೆ ಆಡಿಸಿದಳು.

ಶೇಕದಾರರು ಕೈ ಚಾಚಲು ಒಪ್ಪಲಿಲ್ಲ. ಸರ್ಕಾರಿ ಲೆಕ್ಕ ಟವಲ್ಲಿನ ಕೆಳಗೆ ನಡೆಯುವುದು ಅವರ ಘನತೆಗೆ ಕಡಿಮೆಯಂತೆ. (ಯಾವ ಯಾವ ಸರ್ಕಾರಿ ಲೆಕ್ಕ ಎಲ್ಲೆಲ್ಲಿ ನಡೆಯುತ್ತದೆ ಎಂದು ನಾನು ಅಲ್ಲಿ ಚರ್ಚೆಗೆ ಇಳಿಯಲಿಲ್ಲ.) ಕೊನೆಗೆ ನನ್ನ ಕೈಯೇ ಹೋಯಿತು. ಅಜ್ಜಿಯ ಅಂಗೈ ಮರದ ತೊಗಟೆ. ಒಮ್ಮೆ ಇಡೀ ಕೈ ಹಿಡಿದಳು, ಆಮೇಲೆ ಕೆಲವು ಬೆರಳು ಒತ್ತಿದಳು. ಗೊತ್ತಾಯಿತಾ ಎನ್ನುವಂತೆ ಮುಖ ನೋಡಿದಳು. ಆಯಿತು ಎಂದೆ.

ಎಷ್ಟು ಎಂದು ನಿಮಗೆ ಹೇಳುವುದಿಲ್ಲ. ಮಾತು ಕೊಟ್ಟಿದ್ದೇನೆ. ಹನ್ನೆರಡಕ್ಕಿಂತ ಕಡಿಮೆ ಎಂದಷ್ಟೇ ತಿಳಿಯಿರಿ, ಕಥೆಗೆ ಅಷ್ಟು ಸಾಕು.

ಹನ್ನೆರಡೇ ಯಾಕೆ? ಅಲ್ಲೇ ಇರುವುದು ತಮಾಷೆ.

ಫಾರಂ ತುಂಬಿಸಿ, ಲಕ್ಷಣವಾಗಿ ಗೆರೆ ಎಳೆದು ಶೇಕದಾರರಿಗೆ ಕೊಟ್ಟೆ. ಅವರು ಮೊದಲ ಕಾಲಂ ನೋಡಿ ಬೆವರಿದರು. ಕೈಚೀಲದಿಂದ ಹಳೆಯ ರಿಜಿಸ್ಟರು ತೆಗೆದರು. ಸರ್ಕಾರದ ಕಾವಲಿನಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಕುರಿ ಮೇಯಿಸುವವರು ತಲೆಗಿಷ್ಟು ಎಂದು ವರ್ಷಕ್ಕೊಮ್ಮೆ ಹಣ ಕಟ್ಟಬೇಕು. ಅದಕ್ಕೆ ಯಾರ ಮನೆಯಲ್ಲಿ ಎಷ್ಟು ಕುರಿ ಎಂದು ಬರೆದಿಡುವ ರಿಜಿಸ್ಟರು ಅದು. ಕೆಂಚಮ್ಮ, ಕುರಿ ಹನ್ನೆರಡು. ಅವಳ ಮೇಲಿನ ಹೆಸರು, ಕುರಿ ಹನ್ನೆರಡು. ಕೆಳಗಿನ ಹೆಸರು, ಹನ್ನೆರಡು. ಹಟ್ಟಿಯ ಪ್ರತಿಯೊಂದು ಮನೆಯಲ್ಲೂ ಹನ್ನೆರಡು! ಹಿಂದಿನ ವರ್ಷ ಹನ್ನೆರಡು, ಅದರ ಹಿಂದಿನ ವರ್ಷವೂ ಹನ್ನೆರಡು. ಎಂಟು ವರ್ಷದಿಂದ ಈ ಹಟ್ಟಿಯಲ್ಲಿ ಒಂದು ಮರಿ ಹುಟ್ಟಿಲ್ಲ, ಒಂದು ಕುರಿ ಸತ್ತಿಲ್ಲ, ಒಂದನ್ನೂ ಮಾರಿಲ್ಲ. ಪ್ರತಿ ಪುಟದ ಕೆಳಗೆ "ಖುದ್ದು ಎಣಿಸಿ ನೋಡಿದೆ" ಎಂದು ಶೇಕದಾರರ ರುಜು.

ಹಟ್ಟಿಯವರು ಹೇಳುವುದಿಲ್ಲ. ಶೇಕದಾರರು ಕೇಳುವುದಿಲ್ಲ. ಇಬ್ಬರಿಗೂ ಅನುಕೂಲ. ಹನ್ನೆರಡಕ್ಕೆ ಹಣ ಕಟ್ಟಿ ಎಲ್ಲರೂ ಹಾಯಾಗಿದ್ದರು. ಆಲಿಕಲ್ಲು ಬೀಳುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಈಗ ಲೆಕ್ಕ ನೋಡಿ. ರಿಜಿಸ್ಟರಿನ ಪ್ರಕಾರ ಇದ್ದದ್ದು ಹನ್ನೆರಡು. ಅದರಲ್ಲಿ ಮೂವತ್ತೊಂದು ಸಾಯುವುದು ಹೇಗೆ? ಸತ್ತವುಗಳ ಪಟ್ಟಿ ಪಕ್ಕಕ್ಕಿಟ್ಟು, ಹನ್ನೆರಡರಲ್ಲಿ ಉಳಿದದ್ದನ್ನು ಕಳೆದರೆ ಸತ್ತವು ಮೂರೋ ನಾಲ್ಕೋ ಆಗುತ್ತವೆ. ಅರ್ಧಕ್ಕಿಂತ ಕಡಿಮೆ. ಪರಿಹಾರ ಸೊನ್ನೆ. ಎರಡನೇ ಕ್ಲಾಸಿನ ಲೆಕ್ಕ ಎಂದಿದ್ದೆನಲ್ಲ, ನನ್ನ ತಲೆ ತಿರುಗಿತು.

ಸತ್ಯ ಬರೆದರೆ ಶೇಕದಾರರ ಕೆಲಸಕ್ಕೆ ಕುತ್ತು. ರಿಜಿಸ್ಟರನ್ನು ನಂಬಿದರೆ ಅಜ್ಜಿಯ ಹಿಂಡಿಗೆ ಕುತ್ತು. ಶುಕ್ರವಾರ ಅಮಲ್ದಾರರೇ ಹಟ್ಟಿಗೆ ಕ್ಯಾಂಪು ಬರುವವರಿದ್ದರು. ಶೇಕದಾರರು ಎರಡು ಚಿಟಿಕೆ ನಶ್ಯ ಏರಿಸಿ, ಸೀನಿ, ಒಂದು ದಾರಿ ಹುಡುಕಿದರು.

"ನೋಡಮ್ಮಾ, ಅಮಲ್ದಾರ್ರು ಕೇಳಿದಾಗ, ಇದ್ದಿದ್ದು ಹನ್ನೆರಡು, ಹನ್ನೆರಡೂ ಸತ್ತವು, ಒಂದೂ ಉಳಿದಿಲ್ಲ ಅನ್ನು. ಅವತ್ತೊಂದು ದಿನ ಕುರಿ ಹಳ್ಳದ ಆ ಕಡೆ ಇರಲಿ. ಹನ್ನೆರಡರ ದುಡ್ಡು ಬರುತ್ತೆ."

ಜಾಣ ಉಪಾಯ. ಹಟ್ಟಿಯವರಿಗೂ ಹಿತವಾಯಿತು, ಅವರ ಹನ್ನೆರಡುಗಳೂ ಉಳಿಯುತ್ತಿದ್ದವಲ್ಲ. ಮೂವತ್ತೊಂದಕ್ಕೆ ಸಿಗಬೇಕಾದ್ದು ಹನ್ನೆರಡಕ್ಕೆ ಸಿಗುತ್ತದೆ ನಿಜ, ಆದರೂ ಒಂದು ಟಗರು ಬಂದೀತು ಎಂದು ನಾನೂ ತಲೆದೂಗಿದೆ.

ಅಜ್ಜಿ ತಲೆದೂಗಲಿಲ್ಲ. "ಉಸಿರಾಡೋವನ್ನ ಸತ್ತಾವೆ ಅನ್ನಾಕೆ ನನಗೆ ಬಾಯಿ ಬರಲ್ರಿ" ಅಂದಳು.

ಒಂದು ಮಾತು ತಾನೇ ಅಜ್ಜಿ, ನಾಲಿಗೆ ಸವೆಯುತ್ತದೆಯೇ ಎಂದು ನಾನು ಹತ್ತಿರ ಸರಿದು ಕೂತೆ. ಧೈರ್ಯ ತುಂಬಲೆಂದು ನನ್ನ ಗುಟ್ಟನ್ನೂ ಹೇಳಿದೆ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿರುವ ಮಕ್ಕಳೆಲ್ಲ ಬೆಂಚಿನ ಮೇಲಿಲ್ಲ. ಕೆಲವರು ದನ ಕಾಯುತ್ತಾರೆ, ಕೆಲವರು ದಾವಣಗೆರೆಯ ಮಿಲ್ಲಿಗೆ ಹೋಗಿದ್ದಾರೆ, ಒಬ್ಬನಿಗಂತೂ ಮದುವೆಯಾಗಿ ಮಗು ಆಗಿದೆ. ಆದರೂ ದಿನವೂ ಹಾಜರು ಹಾಕುತ್ತೇನೆ. ತಲೆ ಕಡಿಮೆಯಾದರೆ ಶಾಲೆ ಮುಚ್ಚುತ್ತಾರೆ, ಇರುವ ಮಕ್ಕಳಿಗೂ ಪಾಠ ತಪ್ಪುತ್ತದೆ. ಒಳ್ಳೆಯದಕ್ಕೆ ಒಂದು ಸುಳ್ಳು, ತಪ್ಪೇನು?

(ಸಂಪಾದಕರೇ, ನನ್ನ ಹೆಸರು ಹಾಕಬೇಡಿ ಎಂದು ಪ್ರತಿ ವಾರ ಯಾಕೆ ಬೇಡಿಕೊಳ್ಳುತ್ತೇನೆ ಎಂದು ಈಗಲಾದರೂ ತಿಳಿಯಿತೆ?)

ಅಜ್ಜಿ ಎಲ್ಲ ಕೇಳಿಸಿಕೊಂಡಳು. ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ಹೇಳಿದಳು: "ಅಂದ್ರೆ ನೀವು ಇಲ್ಲದೋರನ್ನ ಅದಾರೆ ಅಂತೀರಿ. ನನ್ನ ಕೈಲಿ ಇರೋವನ್ನ ಇಲ್ಲ ಅನ್ನಿಸ್ತೀರಿ. ಭಾಳ ಓದೀರಿ ಬಿಡ್ರಿ, ಮೇಷ್ಟ್ರೇ."

ಹದಿನೆಂಟು ವರ್ಷದ ಸರ್ವೀಸಿನಲ್ಲಿ ಯಾವ ಇನ್‌ಸ್ಪೆಕ್ಟರೂ ನನ್ನನ್ನು ಹೀಗೆ ಇನ್‌ಸ್ಪೆಕ್ಟು ಮಾಡಿರಲಿಲ್ಲ. ಎದ್ದು ಪಂಚೆ ಒದರಿಕೊಂಡೆ.

ಶುಕ್ರವಾರ ಬಂತು. ಹಟ್ಟಿಯ ಬೇವಿನ ಮರದ ಕೆಳಗೆ ಮೇಜು, ಕುರ್ಚಿ, ಅಮಲ್ದಾರರು. ಹೊಸಬರು, ಬಿ.ಎ. ಮಾಡಿದವರು. ಮುಚ್ಚುಕೋಟು, ಜರಿ ಪೇಟ, ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಗೆ. ರಿಜಿಸ್ಟರು ತಿರುವಿದರು. ಒಂದು ಪುಟ, ಎರಡು ಪುಟ. "ಇದೇನ್ರೀ ಶೇಕದಾರರೇ, ಎಲ್ಲರ ಮನೇಲೂ ಹನ್ನೆರಡೇ?" ಎಂದರು.

"ಒಗ್ಗಟ್ಟಿನ ಜನ ಸ್ವಾಮಿ" ಎಂದರು ಶೇಕದಾರರು.

ಅಮಲ್ದಾರರು ನಗಲಿಲ್ಲ. (ತುಟಿಯ ಮೂಲೆ ಮಾತ್ರ ಸ್ವಲ್ಪ ಅಲುಗಿತು.) ಅಜ್ಜಿ ಒಪ್ಪದ್ದರಿಂದ ತಿದ್ದದೆ ಉಳಿದಿದ್ದ ನನ್ನ ಫಾರಂ ತೆಗೆದು ಹಿಂದೆ ಮುಂದೆ ನೋಡಿದರು. ಹಿಂಬದಿಯ ಹೆಸರುಗಳನ್ನು ಒಂದೊಂದಾಗಿ ಓದಿದರು. ಮೊಂಡಗಿವಿ, ಕರೇಮೂತಿ, ಕುಂಟಿ. ಹೈದರ್ ಸಾಬರನ್ನು ಕರೆಸಿ ಚರ್ಮ ಎಷ್ಟು ಕೊಂಡಿರಿ ಎಂದು ಕೇಳಿದರು. ಸಾಬರು ಚೀಟಿ ತೋರಿಸಿದರು. ಮೂವತ್ತೊಂದು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆಮೇಲೆ ಅಜ್ಜಿಯ ಕಡೆ ತಿರುಗಿದರು.

"ಉಳಿದಿರೋದು ಎಷ್ಟಮ್ಮಾ?"

ಶೇಕದಾರರು ಅಜ್ಜಿಯ ಮುಖ ನೋಡಿದರು. ಹಟ್ಟಿಗೆ ಹಟ್ಟಿಯೇ ನೋಡಿತು. ಒಂದೂ ಇಲ್ಲ ಸ್ವಾಮಿ ಎನ್ನುವ ಮೂರು ಮಾತಿಗೆ ಎಲ್ಲರೂ ಕಾದರು. ಒಂದು ಟಗರು ಆ ಮೂರು ಮಾತಿನ ಆಚೆ ನಿಂತಿತ್ತು.

"ಅದಾವೆ ಸ್ವಾಮಿ" ಅಂದಳು ಅಜ್ಜಿ. "ಎಷ್ಟು ಅಂತ ಬಾಯಲ್ಲಿ ಹೇಳಾಕಾಗಲ್ಲ. ಕೈ ತರ್ರಿ."

ಹೈದರ್ ಸಾಬರು ಮುಂದೆ ಬಂದು, ಅದೇ ಟವಲ್ಲನ್ನು ಅಮಲ್ದಾರರ ಮೇಜಿನ ಮೇಲೆ, ಫಾರಮ್ಮುಗಳ ಪಕ್ಕದಲ್ಲಿ ಹರಡಿದರು. ಇದು ಇಲ್ಲಿಯ ಪದ್ಧತಿ ಸ್ವಾಮಿ ಎಂದು ವಿವರಿಸಿದೆ. ಅಮಲ್ದಾರರು ಟವಲ್ಲನ್ನು ನೋಡಿದರು, ಅಜ್ಜಿಯ ಕೈ ನೋಡಿದರು. ಕೋಟಿನ ತೋಳು ಮೇಲಕ್ಕೆ ಸರಿಸಿ ಕೈಯನ್ನು ಕೆಳಗಿಟ್ಟರು. ಬಿ.ಎ.ಯಲ್ಲಿ ಇದನ್ನು ಕಲಿಸುವುದಿಲ್ಲ; ಎರಡು ಸಲ ಒತ್ತಿಸಿಕೊಂಡರು. ಮೂರನೆಯ ಸಲಕ್ಕೆ ಹೂಂ ಎಂದು ಕೈ ತೆಗೆದು, ನನ್ನ ಫಾರಮ್ಮಿನ ಮೂರನೇ ಕಾಲಂ ನೋಡಿದರು. ತಾಳೆಯಾಯಿತು.

"ಶೇಕದಾರರೇ, ಈಗ ನೀವು" ಎಂದರು.

ಶೇಕದಾರರ ಘನತೆ ಟವಲ್ಲಿನ ಕೆಳಗೆ ಹೋಯಿತು. ಅಜ್ಜಿ ಒತ್ತಿದಳು. (ಸ್ವಲ್ಪ ಜೋರಾಗಿಯೇ ಒತ್ತಿರಬೇಕು, ಶೇಕದಾರರ ಹುಬ್ಬು ಮೇಲೆ ಹೋಯಿತು.) ಎಷ್ಟು ಎಂದು ಅಮಲ್ದಾರರು ಕೇಳಿದರು. ಶೇಕದಾರರು ಹೇಳಲೆಂದು ಬಾಯಿ ತೆರೆದರು. ಸುತ್ತ ನಿಂತ ಹೆಂಗಸರೆಲ್ಲ ಒಟ್ಟಿಗೆ ಶ್ ಎಂದರು. ಅವರು ಬಾಯಿ ಮುಚ್ಚಿ, ಪೆನ್ಸಿಲ್ಲು ತೆಗೆದುಕೊಂಡು ಚೀಟಿಯ ಮೇಲೆ ಬರೆದರು. ಸರಿಯಾಗಿತ್ತು.

"ನೋಡಿ, ಖುದ್ದು ಎಣಿಸಿ ನೋಡೋದು ಅಂದ್ರೆ ಇಷ್ಟೇ. ಒಂದು ನಿಮಿಷ ಹಿಡಿಯಿತು" ಎಂದರು ಅಮಲ್ದಾರರು.

ಎಂಟು ವರ್ಷದಲ್ಲಿ ಆ ಒಂದು ನಿಮಿಷ ಬಿಡುವಾಗಿರಲಿಲ್ಲ, ಏನು ಮಾಡುವುದು ಹೇಳಿ.

ಆದರೆ ರಿಜಿಸ್ಟರಿನ ಹನ್ನೆರಡನ್ನು ಏನು ಮಾಡುವುದು? ಮೇಲಿನ ಆಫೀಸಿನವರು ಕೇಳಿಯೇ ಕೇಳುತ್ತಾರೆ. ಅಮಲ್ದಾರರು ಸ್ವಲ್ಪ ಹೊತ್ತು ಬೇವಿನ ಮರವನ್ನು ನೋಡಿ, ನನಗೆ ಬರೆದುಕೊಳ್ಳಿ ಎಂದರು. ನಾನು ದುಂಡಗೆ ಬರೆದೆ: "ಹಿಂದಿನ ಎಣಿಕೆಯ ತರುವಾಯ ಸದರಿ ಹಿಂಡು ಮರಿ ಹಾಕಿ ಬೆಳೆದಿರುತ್ತದೆ."

ಹಿಂದಿನ ಎಣಿಕೆ ನಡೆದದ್ದು ಎಂಟು ತಿಂಗಳ ಕೆಳಗೆ. ಹನ್ನೆರಡರಿಂದ ನಲವತ್ತರ ಆಸುಪಾಸು! ಟಗರನ್ನೂ ಸೇರಿಸಿದ ಹನ್ನೆರಡು! ಇಂಥ ಸಂತಾನಭಾಗ್ಯವನ್ನು ಪುರಾಣದಲ್ಲೂ ಕೇಳಿಲ್ಲ. "ಮಾಷಾ ಅಲ್ಲಾ" ಎಂದು ಹೈದರ್ ಸಾಬರು ಮೆಲ್ಲಗೆ ಹೇಳಿದರು. ಅಮಲ್ದಾರರು ಕಾಗದವನ್ನು ಶೇಕದಾರರ ಮುಂದೆ ತಳ್ಳಿದರು. ಶೇಕದಾರರು ಕಣ್ಣಿಗೊತ್ತಿಕೊಂಡು ರುಜು ಹಾಕಿದರು. ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು ಸುಳ್ಳು ಬೇಕಾಯಿತು ನಿಜ. ಆದರೆ ಅದನ್ನು ಅಜ್ಜಿಯ ಬಾಯಿಂದ ಹೇಳಿಸಲಿಲ್ಲ, ತಾವೇ ಹೇಳಿದರು. ಅದಕ್ಕೇ ಆ ಮನುಷ್ಯನ ಮೇಲೆ ನನಗೆ ಗೌರವ.

ದಂಡ ಇಲ್ಲದೆ ಬಿಡಲಿಲ್ಲ. ಬರುವ ಸೋಮವಾರದಿಂದ ಹಟ್ಟಿಯ ಪ್ರತಿ ಮನೆಯ ಕುರಿಯನ್ನೂ ಹೊಸದಾಗಿ ಎಣಿಸಬೇಕು, ಶೇಕದಾರರೇ ಎಣಿಸಬೇಕು ಎಂದು ಹುಕುಂ ಮಾಡಿ ಎದ್ದರು. ಈಗ ಶೇಕದಾರರು ಹೆಗಲ ಮೇಲೆ ಟವಲ್ಲು ಹಾಕಿಕೊಂಡು ಮನೆಮನೆ ತಿರುಗುತ್ತಿದ್ದಾರೆ. ಬೆರಳು ಊದಿಕೊಂಡಿವೆಯಂತೆ. ಮೇಯಿಸುವ ಹಣ ಹೆಚ್ಚಾಗುತ್ತದಲ್ಲ ಎಂದು ಹಟ್ಟಿಯವರಿಗೆ ನನ್ನ ಮೇಲೆ ಸಿಟ್ಟು. ಹಾಗಾಗಿ ಆ ಮಜ್ಜಿಗೆ ಇವತ್ತಿಗೂ ಬಂದಿಲ್ಲ.

ಸಾಸ್ವೆಹಳ್ಳಿಯಲ್ಲಿರುವ ನನ್ನ ಷಡ್ಡಕ ಇದನ್ನೆಲ್ಲ ಕೇಳಿ, ನಿಮ್ಮ ಅಮಲ್ದಾರ್ರನ್ನ ನಮ್ಮ ಹೊನ್ನಾಳಿ ಕಡೆ ಕಳಿಸಪ್ಪಾ ಎಂದು ಕಾಗದ ಬರೆದಿದ್ದಾನೆ. ಹಿಂದೆ ಹೊಳೆ ಬಂದು ಅವನ ಎಮ್ಮೆ ತೇಲಿಹೋದಾಗ, ಸತ್ತ ಎಮ್ಮೆಯನ್ನು ತಂದು ತೋರಿಸಿದರೆ ಪರಿಹಾರ ಎಂದಿದ್ದರಂತೆ. ಎಮ್ಮೆ ಆ ಹೊತ್ತಿಗೆ ಎಷ್ಟು ತಾಲ್ಲೂಕು ದಾಟಿತ್ತೋ.

ಮೊನ್ನೆ ಸೋಮವಾರ, ಕುರಿಸಂತೆಗೆ ಎರಡು ದಿನ ಇರುವಾಗ, ಕೆಂಚಜ್ಜಿಗೆ ಪರಿಹಾರದ ಹಣ ಬಂತು. ಮೂವತ್ತೊಂದಕ್ಕೂ ಬಂತು. ಹೆಬ್ಬೆಟ್ಟು ಒತ್ತುವಾಗ ಸಾಕ್ಷಿಗೆ ನಾನಿರಬೇಕೆಂದು ತಾಲ್ಲೂಕು ಕಚೇರಿಗೆ ಕರೆಸಿದ್ದಳು. ಕಿಟಕಿಯ ಒಳಗಿನಿಂದ ಗುಮಾಸ್ತರು ನೋಟನ್ನು ಒಂದು, ಎರಡು, ಮೂರು ಎಂದು ಊರಿಗೇ ಕೇಳುವಂತೆ ಎಣಿಸಿದರು. ಅಜ್ಜಿ ಉಗಿಯಲಿಲ್ಲ, ನೆಟಿಗೆ ಮುರಿಯಲಿಲ್ಲ. ಇದಕ್ಕೆ ದೃಷ್ಟಿ ಇಲ್ಲವೇ ಎಂದು ಕೆಣಕಿದೆ.

"ರೊಕ್ಕ ಎಣಿಸಬೋದು ಮೇಷ್ಟ್ರೇ" ಅಂದಳು. "ಅದು ಹೆಂಗೂ ಹೋಗೋದೇ."

ನೋಟನ್ನು ಸೆರಗಿನ ಗಂಟಿಗೆ ಕಟ್ಟುತ್ತಾ, ಎಂಥ ಟಗರು ತರಬೇಕು, ಅದರ ಕೊಂಬು ಹೇಗಿರಬೇಕು ಎಂದು ಹೇಳತೊಡಗಿದಳು. ಎಷ್ಟು ಕುರಿ ಕೊಳ್ಳುತ್ತೀರಿ ಎಂದು ಕೇಳುವಷ್ಟು ದಡ್ಡನಾಗಿ ನಾನು ಉಳಿದಿರಲಿಲ್ಲ. ಅವಳ ಮುಖದಲ್ಲಿ ಮೂರು ವಾರದಿಂದ ಕಾಣದಿದ್ದ ನಗು ಕಂಡು ನನಗೇ ಸಂಬಳ ಬಂದಷ್ಟು ಖುಷಿಯಾಯಿತು.

ಅಷ್ಟರಲ್ಲಿ ಒಳಗಿನಿಂದ ಅಮಲ್ದಾರರು ಬಂದರು. ಅಜ್ಜಿಗೆ ನಮಸ್ಕಾರ ಮಾಡಿದರು. ನನ್ನ ಅಕ್ಷರವನ್ನು ಹೊಗಳಿದರು. ನಾನು ಉಬ್ಬಿದೆ. ತುಟಿಯ ಮೂಲೆಯ ಅದೇ ಸಣ್ಣ ನಗೆಯಲ್ಲಿ, ನಿಮ್ಮ ಸ್ಕೂಲಿನ ಹೆಂಚಿನ ಅರ್ಜಿ ನನ್ನ ಮೇಜಿಗೆ ಬಂದಿದೆ ಮೇಷ್ಟ್ರೇ, ಖುದ್ದು ಬಂದು ನೋಡೋಣ ಅಂತಿದ್ದೇನೆ ಎಂದರು.

"ಅಂದ ಹಾಗೆ, ನಿಮ್ಮಲ್ಲಿ ಮಕ್ಕಳು ಎಷ್ಟು?"

ಹೆಗಲು ಮುಟ್ಟಿ ನೋಡಿಕೊಂಡೆ, ಟವಲ್ಲು ಮನೆಯಲ್ಲಿತ್ತು. ಗಂಟು ಬಿಗಿ ಮಾಡುತ್ತಿದ್ದ ಕೆಂಚಜ್ಜಿ ತಲೆಯನ್ನೂ ಎತ್ತದೆ ನನ್ನ ಪರವಾಗಿ ಉತ್ತರ ಕೊಟ್ಟಳು:

"ಎಣಿಸಬ್ಯಾಡ್ರಿ ಸ್ವಾಮಿ. ಎಣಿಸಿದ್ರೆ ಕಮ್ಮಿ ಆಗ್ತಾವೆ."